ಮೂಲೆಯುಳ್ಳ ಫಲನಕ್ಕೆ ಯಾವ ಅವಕಲನ? ಕನಿಷ್ಠ ಬಿಂದು ಹುಡುಕುವವರಿಗೊಂದು ಹೋಲಿಕೆ

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಲಿತು ಮುಂದೆ ಗಣಿತದ ಎಂ.ಎಸ್‌ಸಿ.ಗೆ ಸೇರಿದ ಮಕ್ಕಳು ಆಪ್ಟಿಮೈಸೇಶನ್ ಓದುವಾಗ ಹೆಚ್ಚಾಗಿ ಒಂದೇ ಜಾಗದಲ್ಲಿ ತಡೆದು ನಿಲ್ಲುತ್ತಾರೆ. ಅವಕಲನ, ಅಂದರೆ ಡೆರಿವೇಟಿವ್, ಸೊನ್ನೆಯಾಗುವ ಕಡೆ ಕನಿಷ್ಠವನ್ನು ಹುಡುಕಬೇಕೆಂಬ ಫರ್ಮಾ ನಿಯಮವು ಪ್ಲಸ್ ಟು ತರಗತಿಯಿಂದಲೇ ಅವರಿಗೆ ಬಾಯಿಪಾಠ. ಆದರೆ |ಕ್ಷ|, ಅಂದರೆ ಚಿಹ್ನೆ ಬಿಟ್ಟ ಕ್ಷ, ಎಂಬ ಸರಳ ಫಲನಕ್ಕೂ (ಫಂಕ್ಷನ್) ತನ್ನ ಕನಿಷ್ಠ ಬಿಂದುವಿನಲ್ಲಿ ಅವಕಲನವಿಲ್ಲ. ಅಲ್ಲಿಗೆ ಬೇರೊಂದು ಅವಕಲನ ಬೇಕು ಎಂದು ಪುಸ್ತಕ ತೆರೆದರೆ ದೀನಿ, ಹಡಮಾರ್, ಕ್ಲಾರ್ಕ್, ಫ್ರೆಷೆ, ಮೊರ್ದುಖೋವಿಚ್ ಎಂದು ಹೆಸರುಗಳ ಸಾಲೇ ಎದುರಾಗುತ್ತದೆ. ಇವುಗಳಲ್ಲಿ ಯಾವುದನ್ನು ಹಿಡಿಯಬೇಕು ಎಂದು ಪ್ರಾಜೆಕ್ಟು ಬರೆಯುವವರು ಕೇಳುತ್ತಾರೆ, ಸಂಶೋಧನೆಗೆ ಹೊರಟವರು ಕೇಳುತ್ತಾರೆ, ಈಚೆಗೆ ಮಂಗಳೂರು ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳೂ ಕೇಳುತ್ತಾರೆ. ಮೂವರಿಗೂ ಒಂದೇ ಉತ್ತರ ಸಲ್ಲದು. ಆದುದರಿಂದ ಆಯ್ಕೆಯ ದಾರಿಯನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಅಳತೆಗೋಲುಗಳು

ಯಾವ ಅವಕಲನವನ್ನಾದರೂ ಐದು ಪ್ರಶ್ನೆಗಳಿಂದ ತೂಗಬಹುದು. ಅದು ಕೊಡುವ ಅವಶ್ಯಕ ನಿಬಂಧನೆ ಎಷ್ಟು ಹರಿತವಾಗಿದೆ, ಅಂದರೆ ಕನಿಷ್ಠವಲ್ಲದ ಬಿಂದುಗಳನ್ನು ಎಷ್ಟರ ಮಟ್ಟಿಗೆ ಹೊರಗಿಡುತ್ತದೆ ಎಂಬುದು ಮೊದಲನೆಯದು. ಎರಡು ಫಲನಗಳ ಮೊತ್ತಕ್ಕೆ, ಸಂಯೋಜನೆಗೆ, ಹಲವು ಫಲನಗಳಲ್ಲಿ ದೊಡ್ಡದನ್ನು ಆರಿಸುವ ಕ್ರಿಯೆಗೆ ಲೆಕ್ಕದ ನಿಯಮಗಳಿವೆಯೇ ಎಂಬುದು ಎರಡನೆಯದು; ಕೈಬರಹದ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಬೆವರಿಳಿಸುವುದು ಇದೇ. ನಮ್ಮ ಫಲನಕ್ಕೆ ಆ ವಸ್ತು ಎಲ್ಲ ಬಿಂದುಗಳಲ್ಲಿಯೂ ಇರುತ್ತದೆಯೇ, ಅಥವಾ ಕೆಲವೆಡೆ ಖಾಲಿ ಗಣವಾಗಿಬಿಡುತ್ತದೆಯೇ ಎಂಬುದು ಮೂರನೆಯದು. ಅವಶ್ಯಕವಾದದ್ದು ಸಾಕಾಗುವ ನಿಬಂಧನೆಯೂ ಆಗುವುದು ಯಾವಾಗ ಎಂಬುದು ನಾಲ್ಕನೆಯದು. ಕೊನೆಯದು ವೆಚ್ಚ: ಕಲಿಯಲು ಬೇಕಾದ ತಿಂಗಳುಗಳು, ಕಂಪ್ಯೂಟರಿನ ಹೊತ್ತು, ಬರೆಯಬೇಕಾದ ಪುಟಗಳು.

ಮೊದಲ ಎರಡು ಪ್ರಶ್ನೆಗಳು ಒಂದನ್ನೊಂದು ಎಳೆಯುತ್ತವೆ. ಒಂದು ಬಿಂದುವನ್ನು ಮಾತ್ರ ದಿಟ್ಟಿಸಿ ನೋಡುವ ಅವಕಲನಗಳು ಹರಿತವಾಗಿದ್ದರೂ ಕೂಡಿಸಿ ಕಳೆಯುವ ಲೆಕ್ಕಕ್ಕೆ ಒಗ್ಗುವುದಿಲ್ಲ. ಸುತ್ತಮುತ್ತಲಿನ ಬಿಂದುಗಳನ್ನೂ ಸೇರಿಸಿಕೊಳ್ಳುವ ಅವಕಲನಗಳು ಲೆಕ್ಕಕ್ಕೆ ಒಗ್ಗುತ್ತವೆ. ಬದಲಿಗೆ ಹರಿತವನ್ನು ಕಳೆದುಕೊಳ್ಳುತ್ತವೆ. ನನ್ನ ಅಭಿಪ್ರಾಯದಲ್ಲಿ ಇಡೀ ಆಯ್ಕೆ ನಿಂತಿರುವುದು ಈ ಎಳೆತದ ಮೇಲೆಯೇ.

ಒಂದು ಗೋದಾಮಿನ ಲೆಕ್ಕ

ಹೋಲಿಕೆಗೆ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಕುಂಬಳೆಯಿಂದ ಮುಳ್ಳೇರಿಯಕ್ಕೆ ಹೋಗುವ ರಸ್ತೆಯಲ್ಲಿ ಅಡಿಕೆ ಶೇಖರಿಸಲು ಒಂದು ಗೋದಾಮು ಕಟ್ಟಬೇಕಾಗಿದೆ. ಕುಂಬಳೆಯನ್ನು ಸೊನ್ನೆ ಎಂದಿಟ್ಟುಕೊಂಡು ಸೀತಾಂಗೋಳಿ 6, ನೀರ್ಚಾಲು 12, ಬದಿಯಡ್ಕ 15, ಮುಳ್ಳೇರಿಯ 28 ಕಿಲೋಮೀಟರಿನಲ್ಲಿವೆ ಎಂದು ಹಿಡಿಯೋಣ. ಇವು ಲೆಕ್ಕಕ್ಕಾಗಿ ಊಹಿಸಿದ ಅಂಕೆಗಳು, ಮೈಲಿಗಲ್ಲಿನವಲ್ಲ. ಈ ಐದು ಕಡೆಗಳಿಂದ ಕ್ರಮವಾಗಿ 7, 2, 4, 2, 1 ಲೋಡು ಅಡಿಕೆ ಬರುತ್ತದೆ. ಗೋದಾಮು ಕ್ಷ ಎಂಬಲ್ಲಿದ್ದರೆ ಒಟ್ಟು ಸಾಗಾಟ, ಲೋಡು-ಕಿಲೋಮೀಟರಿನಲ್ಲಿ, 7|ಕ್ಷ| + 2|ಕ್ಷ−6| + 4|ಕ್ಷ−12| + 2|ಕ್ಷ−15| + |ಕ್ಷ−28| ಆಗುತ್ತದೆ. ಪ್ರತಿ ಊರಿನಲ್ಲಿಯೂ ಈ ಫಲನಕ್ಕೆ ಒಂದು ಮೂಲೆಯಿದೆ, ಆ ಮೂಲೆಗಳಲ್ಲಿ ಸಾಮಾನ್ಯ ಅವಕಲನವಿಲ್ಲ.

ಫಲನ ಪೀನವಾಗಿದ್ದರೆ ಬೇರೆಡೆ ನೋಡಬೇಡಿ

ಮೇಲಿನದು ಪೀನ (ಕಾನ್ವೆಕ್ಸ್) ಫಲನ, ಅಂದರೆ ಅದರ ನಕ್ಷೆಯ ಯಾವ ಎರಡು ಬಿಂದುಗಳನ್ನು ಸೇರಿಸಿದ ರೇಖೆಯೂ ನಕ್ಷೆಯ ಕೆಳಗೆ ಇಳಿಯುವುದಿಲ್ಲ. ಜಾನ್-ಜಾಕ್ ಮೊರೋ ಮತ್ತು ಆರ್. ಟಿ. ರಾಕಫೆಲ್ಲರ್ 1960ರ ದಶಕದಲ್ಲಿ ಕಟ್ಟಿದ ಸಬ್‌ಡಿಫರೆನ್ಷಿಯಲ್ ಇಂಥ ಫಲನಗಳಿಗಾಗಿಯೇ ಇದೆ. ಒಂದು ಬಿಂದುವಿನಲ್ಲಿ ಫಲನವನ್ನು ಮುಟ್ಟಿ, ಉಳಿದೆಲ್ಲೆಡೆ ಅದರ ಕೆಳಗೇ ಉಳಿಯುವ ಸರಳರೇಖೆಗಳ ಇಳಿಜಾರುಗಳನ್ನೆಲ್ಲ ಒಟ್ಟುಗೂಡಿಸಿದರೆ ದೊರೆಯುವ ಗಣವೇ ಸಬ್‌ಡಿಫರೆನ್ಷಿಯಲ್. ಒಂದೇ ಚಲಕವಿದ್ದಾಗ ಅದು ಎಡ ಇಳಿಜಾರಿನಿಂದ ಬಲ ಇಳಿಜಾರಿನವರೆಗಿನ ಅಂತರಾಳ.

ಸೀತಾಂಗೋಳಿಯಲ್ಲಿ ನೋಡಿ. ಎಡಕ್ಕಿರುವ ಕುಂಬಳೆಯಿಂದ +7, ಬಲಕ್ಕಿರುವ ಮೂರು ಊರುಗಳಿಂದ −7, ಸೀತಾಂಗೋಳಿಯ ಮೂಲೆಯಿಂದ [−2, 2]. ಕೂಡಿಸಿದರೆ [−2, 2]. ಇದರೊಳಗೆ ಸೊನ್ನೆ ಇದೆ. ನೀರ್ಚಾಲಿನಲ್ಲಿ ಇದೇ ಲೆಕ್ಕ [2, 10] ಎಂದು ಬರುತ್ತದೆ, ಕುಂಬಳೆಯಲ್ಲಿ [−16, −2] ಎಂದು ಬರುತ್ತದೆ. ಎರಡರಲ್ಲಿಯೂ ಸೊನ್ನೆ ಇಲ್ಲ. ಗೋದಾಮು ಸೀತಾಂಗೋಳಿಯಲ್ಲಿಯೇ ಇರಬೇಕು, ಆಗ ಸಾಗಾಟ 106. ಸೊನ್ನೆ ಆ ಗಣದಲ್ಲಿರುವುದು ಪೀನ ಫಲನಕ್ಕೆ ಅವಶ್ಯಕವೂ ಹೌದು, ಸಾಕಾಗುವುದೂ ಹೌದು. ಸಿಗುವುದು ನೆರೆಯ ಬಿಂದುಗಳ ಮಟ್ಟಿಗಿನ ಸ್ಥಾನಿಕ ಕನಿಷ್ಠವಷ್ಟೇ ಅಲ್ಲ, ಇಡೀ ರೇಖೆಯ ಮೇಲಿನ ಕನಿಷ್ಠ. ಇಲ್ಲಿನಂತೆ ಎಲ್ಲೆಡೆ ಬೆಲೆಯಿರುವ ಪೀನ ಫಲನಗಳಿಗೆ ಮೊತ್ತದ ನಿಯಮ ಸಮತೆಯಾಗಿಯೇ ನಡೆಯುತ್ತದೆ, ಗಣ ಎಲ್ಲಿಯೂ ಖಾಲಿಯಾಗುವುದಿಲ್ಲ. ಐದು ಅಳತೆಗೋಲುಗಳಲ್ಲಿಯೂ ಇದಕ್ಕೆ ಪೂರ್ಣಾಂಕ. ಪ್ರಾಜೆಕ್ಟಿನ ಫಲನ ಪೀನವೋ ಅಲ್ಲವೋ ಎಂಬುದನ್ನು ಪರೀಕ್ಷಿಸುವ ಮೊದಲೇ ಕ್ಲಾರ್ಕನ ಪ್ರಮೇಯಗಳನ್ನು ಎತ್ತಿ ಬರೆಯುವವರನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ, ಏಕೆಂದರೆ ಕೈಯಲ್ಲಿದ್ದ ಬಲವಾದ ಫಲಿತಾಂಶವನ್ನು ಬಿಟ್ಟು ಅವರು ದುರ್ಬಲವಾದದ್ದನ್ನು ಹಿಡಿದಿರುತ್ತಾರೆ.

ಪೀನತೆ ತಪ್ಪಿದಾಗ

ಈಗ ಒಂದು ಬದಲಾವಣೆ. ಕುಂಬಳೆಯ ಗಾಡಿಯವರು ಹತ್ತು ಕಿಲೋಮೀಟರಿನವರೆಗೆ ದೂರಕ್ಕೆ ತಕ್ಕಂತೆ ಬಾಡಿಗೆ ತೆಗೆದುಕೊಂಡು, ಅದರಾಚೆ ಎಷ್ಟು ದೂರವಾದರೂ ಅಷ್ಟೇ ಸಾಕು ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಮೊದಲ ಪದದಲ್ಲಿ |ಕ್ಷ| ಇದ್ದ ಕಡೆ |ಕ್ಷ| ಮತ್ತು 10 ಇವುಗಳಲ್ಲಿ ಚಿಕ್ಕದು ಬರುತ್ತದೆ. ಇಷ್ಟಕ್ಕೆ ಪೀನತೆ ಹೋಯಿತು. 10ನೇ ಕಿಲೋಮೀಟರಿನಲ್ಲಿ ಹೊಸದೊಂದು ಮೂಲೆ ಹುಟ್ಟುತ್ತದೆ, ಅದು ಮೇಲಕ್ಕೆ ಚೂಪಾದ ಮೂಲೆ: ಎಡಗಡೆ ಇಳಿಜಾರು 7 + 2 − 7 = 2, ಬಲಗಡೆ 0 + 2 − 7 = −5. ಗೋದಾಮು ಕಟ್ಟಲು ಸುತ್ತಲಿನ ಜಾಗಗಳಲ್ಲೆಲ್ಲ ಅದೇ ಅತ್ಯಂತ ಕೆಟ್ಟ ಜಾಗ, ಸಾಗಾಟ 114. ನಾಲ್ಕು ಅವಕಲನಗಳು ಈ ಬಿಂದುವಿನ ಬಗ್ಗೆ ಏನನ್ನುತ್ತವೆ ಎಂಬುದರಿಂದ ಅವುಗಳ ಗುಣ ತಿಳಿಯುತ್ತದೆ.

ದೀನಿ ಮತ್ತು ಹಡಮಾರ್: ಹರಿತ, ಅಗ್ಗ, ಒಂಟಿ

ಇಟಲಿಯ ಉಲಿಸ್ಸೆ ದೀನಿ 1878ರಲ್ಲಿ ಪ್ರಕಟಿಸಿದ ವಿಚಾರ ಅತ್ಯಂತ ನೇರವಾದದ್ದು. ಒಂದು ದಿಕ್ಕಿನಲ್ಲಿ ಸ್ವಲ್ಪ ಸರಿದು, ಫಲನದಲ್ಲಾದ ವ್ಯತ್ಯಾಸವನ್ನು ಸರಿದ ದೂರದಿಂದ ಭಾಗಿಸಿ, ಸರಿದ ದೂರ ಸೊನ್ನೆಯತ್ತ ಹೋದಂತೆ ಆ ಭಾಗಲಬ್ಧದ ಕೆಳಮಿತಿಯನ್ನು (ಲಿಮಿಟ್ ಇನ್ಫೀರಿಯರ್) ತೆಗೆದುಕೊಂಡರೆ ಅದು ಕೆಳ ದೀನಿ ಅವಕಲನ. ಬಿಂದು ಸ್ಥಾನಿಕ ಕನಿಷ್ಠವಾಗಬೇಕಾದರೆ ಎಲ್ಲ ದಿಕ್ಕುಗಳಲ್ಲಿಯೂ ಇದು ಸೊನ್ನೆ ಅಥವಾ ಅದಕ್ಕಿಂತ ಹೆಚ್ಚಾಗಿರಬೇಕು. 10ನೇ ಕಿಲೋಮೀಟರಿನಲ್ಲಿ ಬಲಕ್ಕೆ ಸರಿದರೆ −5, ಎಡಕ್ಕೆ ಸರಿದರೆ −2. ಆ ಬಿಂದು ಅಲ್ಲಿಗೇ ಹೊರಬಿತ್ತು. ಯಾವ ಫಲನಕ್ಕಾದರೂ ಇದನ್ನು ಬರೆಯಬಹುದು, ಬೆಲೆ ಅನಂತವಾದರೂ ಆದೀತು. ಅವಿಚ್ಛಿನ್ನತೆಯ ಷರತ್ತೂ ಬೇಡ.

ತೊಡಕು ಬರುವುದು ಎರಡು ಕಡೆ. ಕೆಳಮಿತಿಗಳ ಮೊತ್ತವು ಮೊತ್ತದ ಕೆಳಮಿತಿಗಿಂತ ಕಡಿಮೆಯಾಗಬಹುದಾದ್ದರಿಂದ ಫಲನವನ್ನು ಬಿಡಿಬಿಡಿಯಾಗಿ ಒಡೆದು ಲೆಕ್ಕ ಹಾಕುವ ಸೌಕರ್ಯ ತಪ್ಪುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ. ಎಲ್ಲ ದಿಕ್ಕುಗಳಲ್ಲಿಯೂ ಕೆಳ ದೀನಿ ಅವಕಲನ ಸೊನ್ನೆಗಿಂತ ಕಟ್ಟುನಿಟ್ಟಾಗಿ ಹೆಚ್ಚಿದ್ದರೆ ಕನಿಷ್ಠ ಖಚಿತವೆಂದು ಅನ್ನಿಸುತ್ತದೆ, ಆದರೆ ಎರಡು ಚಲಕಗಳು ಬಂದೊಡನೆ ಅದು ಸುಳ್ಳಾಗುತ್ತದೆ. ಸಮತಲದಲ್ಲಿ ಎಲ್ಲೆಡೆ ಮೂಲಬಿಂದುವಿನಿಂದಿರುವ ದೂರವನ್ನೇ ಫಲನದ ಬೆಲೆಯಾಗಿ ಕೊಟ್ಟು, ಯ = ಕ್ಷ² ಎಂಬ ಪರವಲಯದ ಬಲ ಅರ್ಧದ ಮೇಲೆ ಮಾತ್ರ −ಕ್ಷ ಎಂದು ಕೊಡಿ. ಮೂಲಬಿಂದುವಿನಿಂದ ಹೊರಟ ಯಾವ ಸರಳರೇಖೆಯೂ ಆರಂಭದಲ್ಲಿ ಆ ಪರವಲಯವನ್ನು ಮುಟ್ಟುವುದಿಲ್ಲವಾದ್ದರಿಂದ ದೀನಿ ಅವಕಲನ ಎಲ್ಲ ದಿಕ್ಕುಗಳಲ್ಲಿಯೂ ಧನಾತ್ಮಕ; ಆದರೂ ಪರವಲಯದ ಮೇಲೆ ನಡೆದರೆ ಫಲನ ಕೆಳಗಿಳಿಯುತ್ತದೆ. ದಿಕ್ಕನ್ನೂ ತುಸು ಅಲುಗಾಡಲು ಬಿಡುವ ಹಡಮಾರ್ ಅವಕಲನ ಈ ರಂಧ್ರವನ್ನು ಮುಚ್ಚುತ್ತದೆ: ಪರಿಮಿತ ಆಯಾಮದಲ್ಲಿ ಕೆಳ ಹಡಮಾರ್ ಅವಕಲನ ಸೊನ್ನೆಯಲ್ಲದ ಎಲ್ಲ ದಿಕ್ಕುಗಳಲ್ಲಿಯೂ ಧನಾತ್ಮಕವಾಗಿದ್ದರೆ ಆ ಬಿಂದು ಕಟ್ಟುನಿಟ್ಟಾದ ಸ್ಥಾನಿಕ ಕನಿಷ್ಠವೇ ಸರಿ. ಫಲನ ಲಿಪ್ಶಿಟ್ಸ್ ಆಗಿದ್ದರೆ, ಅಂದರೆ ಅದರ ಬೆಲೆಯ ಬದಲಾವಣೆ ಸರಿದ ದೂರದ ಒಂದು ನಿಶ್ಚಿತ ಪಟ್ಟನ್ನು ಮೀರದಿದ್ದರೆ, ಎರಡೂ ಒಂದೇ, ಚಿಂತೆಯಿಲ್ಲ.

ಎಂ.ಎಸ್‌ಸಿ. ಪ್ರಾಜೆಕ್ಟಿಗೆ ಒಂದು ಸೆಮಿಸ್ಟರ್ ಮಾತ್ರ ಕೈಯಲ್ಲಿದ್ದರೆ ನಾನು ದೀನಿಯನ್ನೇ ಸೂಚಿಸುತ್ತೇನೆ. ಮಿತಿಯ ವ್ಯಾಖ್ಯೆ ಬಲ್ಲವರಿಗೆ ಹೊಸದಾಗಿ ಕಲಿಯಬೇಕಾದದ್ದು ಬಹಳ ಕಡಿಮೆ, ದೊರೆಯುವ ಪ್ರಮೇಯಗಳು ಗಟ್ಟಿ. ಅದರಲ್ಲಿಯೂ ಹುಸಿಪೀನ ಫಲನಗಳು ಈ ಅವಕಲನಕ್ಕೆ ಹೇಳಿ ಮಾಡಿಸಿದಂತಿವೆ. ಒಂದು ಬಿಂದುವಿನಿಂದ ಇನ್ನೊಂದರ ದಿಕ್ಕಿಗೆ ದೀನಿ ಅವಕಲನ ಋಣಾತ್ಮಕವಲ್ಲದಿದ್ದರೆ ಆ ಇನ್ನೊಂದು ಬಿಂದುವಿನಲ್ಲಿ ಫಲನ ಕಡಿಮೆಯಾಗುವಂತಿಲ್ಲ ಎಂಬುದೇ ಅವುಗಳ ಲಕ್ಷಣವಾದ್ದರಿಂದ, ಅವಶ್ಯಕ ನಿಬಂಧನೆ ಅಲ್ಲಿ ತಾನಾಗಿಯೇ ಸಮಗ್ರ ಕನಿಷ್ಠಕ್ಕೆ ಸಾಕಾಗುತ್ತದೆ. ಕ್ಷ³ ಇದಕ್ಕೆ ಹೊರಗುಳಿಯುವ ಉದಾಹರಣೆ. ಸೊನ್ನೆಯಲ್ಲಿ ಅದರ ಅವಕಲನ ಸೊನ್ನೆ, ಕನಿಷ್ಠ ಮಾತ್ರ ಅಲ್ಲಿಲ್ಲ.

ಕ್ಲಾರ್ಕ್: ಲೆಕ್ಕಕ್ಕೆ ಒದಗುವುದು, ಆದರೆ ಉದಾರಿ

ಫ್ರಾನ್ಸಿಸ್ ಕ್ಲಾರ್ಕ್ 1973ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ, ರಾಕಫೆಲ್ಲರ್ ಅವರ ಮಾರ್ಗದರ್ಶನದಲ್ಲಿ, ಪೀನತೆಯ ಷರತ್ತನ್ನೇ ಬಿಟ್ಟು ಲಿಪ್ಶಿಟ್ಸ್ ಫಲನಗಳಿಗೆಲ್ಲ ಒಂದು ಸಾಮಾನ್ಯೀಕೃತ ಗ್ರೇಡಿಯೆಂಟ್ ಕೊಟ್ಟರು (ಗ್ರೇಡಿಯೆಂಟ್ ಎಂದರೆ ಒಂದೊಂದು ಚಲಕದ ಅವಕಲನವನ್ನೂ ಜೋಡಿಸಿದ ಸದಿಶ, ಅಂದರೆ ವೆಕ್ಟರ್). ಲಿಪ್ಶಿಟ್ಸ್ ಫಲನವು ಬಹುತೇಕ ಎಲ್ಲ ಬಿಂದುಗಳಲ್ಲಿಯೂ ಅವಕಲನೀಯ ಎಂಬ ರಾಡೆಮಾಖರ್ ಪ್ರಮೇಯ 1919ರಷ್ಟು ಹಿಂದಿನದು. ಅದನ್ನು ಬಳಸಿ, ಬಿಂದುವಿನ ಸುತ್ತ ಅವಕಲನವಿರುವ ಕಡೆಗಳಿಂದ ಗ್ರೇಡಿಯೆಂಟುಗಳನ್ನು ಆಯ್ದು, ಅವು ಬಂದು ಸೇರುವ ಮಿತಿಗಳನ್ನೆಲ್ಲ ಹೊದಿಸುವ ಅತಿ ಚಿಕ್ಕ ಪೀನ ಗಣವನ್ನು ತೆಗೆದುಕೊಂಡರೆ ಕ್ಲಾರ್ಕ್ ಸಬ್‌ಡಿಫರೆನ್ಷಿಯಲ್ ಸಿಗುತ್ತದೆ. ಅದು ಎಂದಿಗೂ ಖಾಲಿಯಿರುವುದಿಲ್ಲ, ಪರಿಮಿತ ಆಯಾಮದಲ್ಲಿ ಸಾಂದ್ರ (ಕಾಂಪ್ಯಾಕ್ಟ್), ಪೀನ. ಮೊತ್ತಕ್ಕೆ, ಸಂಯೋಜನೆಗೆ, ಗರಿಷ್ಠ ಆರಿಸುವುದಕ್ಕೆ ನಿಯಮಗಳಿವೆ. ಅವು ಸಮತೆಗಳಲ್ಲ, ಒಳಗೊಳ್ಳುವಿಕೆಗಳು, ಅಂದರೆ ಮೊತ್ತದ ಗಣ ಬಿಡಿ ಗಣಗಳ ಮೊತ್ತದೊಳಗೆ ಇರುತ್ತದೆ ಎಂದಷ್ಟೇ ಹೇಳುತ್ತವೆ, ಆದರೂ ಕೆಲಸ ನಡೆಯುತ್ತದೆ.

10ನೇ ಕಿಲೋಮೀಟರಿನಲ್ಲಿ ಇದರ ಉತ್ತರ [−5, 2]. ಸೊನ್ನೆ ಒಳಗಿದೆ. ಹಾಗಾಗಿ ಸುತ್ತಮುತ್ತ ಅತಿ ಕೆಟ್ಟದಾದ ಜಾಗವನ್ನೇ ಕ್ಲಾರ್ಕ್ ನಿಬಂಧನೆ ಅಭ್ಯರ್ಥಿಯೆಂದು ಒಪ್ಪಿಕೊಳ್ಳುತ್ತದೆ. ಇದು ಆಕಸ್ಮಿಕವಲ್ಲ. ಫಲನದ ಚಿಹ್ನೆಯನ್ನು ಬದಲಿಸಿದರೆ ಕ್ಲಾರ್ಕ್ ಗಣವೂ ಚಿಹ್ನೆ ಬದಲಿಸಿಕೊಂಡು ಹಾಗೆಯೇ ಉಳಿಯುತ್ತದೆಯಾದ್ದರಿಂದ, ಕನಿಷ್ಠ ಗರಿಷ್ಠಗಳ ನಡುವಿನ ಭೇದ ಅದಕ್ಕೆ ರಚನೆಯಿಂದಲೇ ಕಾಣಿಸದು. ನಯವಾದ ಫಲನಗಳ ಅವಕಲನಕ್ಕೂ ಇದೇ ಕುರುಡು ಇದೆ ಎಂಬುದು ನಿಜ. ಆದರೆ |ಕ್ಷ| ಮತ್ತು −|ಕ್ಷ| ಎರಡಕ್ಕೂ ಸೊನ್ನೆಯಲ್ಲಿ [−1, 1] ಎಂದೇ ಹೇಳುವ ಉಪಕರಣವನ್ನು ಹಿಡಿದವರು ಅದನ್ನು ಮರೆಯಬಾರದು. ಅದಕ್ಕಿಂತಲೂ ಕಸಿವಿಸಿಯ ಉದಾಹರಣೆಯೊಂದಿದೆ: ಸೊನ್ನೆಯಲ್ಲಿ ಸೊನ್ನೆ ಬೆಲೆಯುಳ್ಳ ಕ್ಷ/2 + ಕ್ಷ² ಸೈನ್(1/ಕ್ಷ) ಎಂಬ ಫಲನಕ್ಕೆ ಅಲ್ಲಿ ನಿಜವಾದ ಅವಕಲನವೇ ಇದೆ, ಅದರ ಬೆಲೆ 1/2. ಕ್ಲಾರ್ಕ್ ಗಣ ಮಾತ್ರ [−1/2, 3/2] ಆಗಿ ಸೊನ್ನೆಯನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ.

ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸುವವರಿಗೆ ಈ ಔದಾರ್ಯವೇ ಅನುಕೂಲ. ಬಿಂದುವಿನ ಸುತ್ತ ಯಾದೃಚ್ಛಿಕವಾಗಿ ಕೆಲವು ಬಿಂದುಗಳನ್ನು ಆರಿಸಿದರೆ ಅಲ್ಲೆಲ್ಲ ಗ್ರೇಡಿಯೆಂಟ್ ಇರುವುದು ಬಹುತೇಕ ಖಚಿತ. ಅವುಗಳ ಪೀನ ಹೊದಿಕೆಯಲ್ಲಿ ಅತಿ ಚಿಕ್ಕ ಸದಿಶವನ್ನು ಕಂಡುಹಿಡಿದು ಅದರ ವಿರುದ್ಧ ದಿಕ್ಕಿಗೆ ಇಳಿಯುವ ವಿಧಾನವನ್ನು ಬರ್ಕ್, ಲೂಯಿಸ್, ಓವರ್ಟನ್ 2005ರಲ್ಲಿ ಪ್ರಕಟಿಸಿದರು. ಪೀನ ಫಲನಗಳಿಗೆ ಕೀವ್‌ನ ನೌಮ್ ಶೋರ್ 1962ರಷ್ಟು ಹಿಂದೆಯೇ ಸಬ್‌ಗ್ರೇಡಿಯೆಂಟ್ ವಿಧಾನವನ್ನು ತಂದಿದ್ದರು; ಸಬ್‌ಡಿಫರೆನ್ಷಿಯಲ್ ಗಣದ ಒಂದೊಂದು ಸದಸ್ಯವೂ ಒಂದು ಸಬ್‌ಗ್ರೇಡಿಯೆಂಟ್. ಅದನ್ನು ಬಳಸುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. |ಕ್ಷ| + 2|ಯ| ಎಂಬ ಫಲನಕ್ಕೆ (1, 0) ಬಿಂದುವಿನಲ್ಲಿ (1, 2) ಒಂದು ಸಬ್‌ಗ್ರೇಡಿಯೆಂಟ್; ಅದರ ವಿರುದ್ಧ ದಿಕ್ಕಿಗೆ ತ ದಷ್ಟು ಸರಿದರೆ ಬೆಲೆ 1 + 3ತ ಆಗಿ ಏರುತ್ತದೆ, ಇಳಿಯುವುದಿಲ್ಲ. ಪ್ರತಿ ಹೆಜ್ಜೆಗೂ ಫಲನ ಇಳಿಯುತ್ತಿದೆಯೇ ಎಂದು ನೋಡಿ ವಿಧಾನವನ್ನು ನಿಲ್ಲಿಸುವುದು ಆದ್ದರಿಂದ ತಪ್ಪು. ಇಳಿಕೆ ಖಚಿತವಾಗಬೇಕೆಂದರೆ ಹಲವು ಸಬ್‌ಗ್ರೇಡಿಯೆಂಟುಗಳನ್ನು ಕಟ್ಟಾಗಿ ಇಟ್ಟುಕೊಳ್ಳುವ ಬಂಡಲ್ ವಿಧಾನಗಳಿಗೆ ಹೋಗಬೇಕು. ಪ್ರತಿ ಹೆಜ್ಜೆಗೂ ಒಂದು ಚಿಕ್ಕ ವರ್ಗೀಯ (ಕ್ವಾಡ್ರಾಟಿಕ್) ಸಮಸ್ಯೆಯನ್ನು ಬಿಡಿಸುವ ವೆಚ್ಚ ಅಲ್ಲಿ ಸೇರುತ್ತದೆ.

ಫ್ರೆಷೆ ಮತ್ತು ಮೊರ್ದುಖೋವಿಚ್

ಫ್ರೆಷೆ ಸಬ್‌ಡಿಫರೆನ್ಷಿಯಲ್ ಪರಿಮಿತ ಆಯಾಮದಲ್ಲಿ ಹಡಮಾರ್ ಅವಕಲನದ ಇನ್ನೊಂದು ಮುಖ: ಬಿಂದುವಿನ ಹತ್ತಿರ, ಮೊದಲ ದರ್ಜೆಯ ಮಟ್ಟಿಗೆ, ಫಲನದ ಕೆಳಗೆ ಉಳಿಯುವ ರೇಖೆಗಳ ಇಳಿಜಾರುಗಳ ಗಣ. ಸೊನ್ನೆ ಅದರಲ್ಲಿದೆ ಎಂಬುದೂ ಕೆಳ ಹಡಮಾರ್ ಅವಕಲನ ಎಲ್ಲಿಯೂ ಋಣಾತ್ಮಕವಲ್ಲ ಎಂಬುದೂ ಒಂದೇ ಮಾತು. ಹರಿತ ಅಷ್ಟೇ ಇದೆ, ದೋಷವೂ ಅಷ್ಟೇ. 10ನೇ ಕಿಲೋಮೀಟರಿನಲ್ಲಿ ಅದು ಖಾಲಿ. |ಕ್ಷ| ಮತ್ತು −|ಕ್ಷ| ಕೂಡಿಸಿದರೆ ಸೊನ್ನೆ ಫಲನ, ಅದರ ಫ್ರೆಷೆ ಗಣದಲ್ಲಿ ಸೊನ್ನೆಯೊಂದೇ ಇದೆ; ಬಿಡಿಯಾಗಿ ಕೂಡಿಸಲು ಹೋದರೆ ಎರಡನೆಯದು ಖಾಲಿಯಾಗಿರುವುದರಿಂದ ಮೊತ್ತವೂ ಖಾಲಿ. ಮೊತ್ತದ ನಿಯಮ ಇಲ್ಲಿಯೇ ಮುರಿದುಬಿತ್ತು.

ಬೋರಿಸ್ ಮೊರ್ದುಖೋವಿಚ್ 1976ರಲ್ಲಿ ಇದಕ್ಕೆ ಪರಿಹಾರ ಕೊಟ್ಟರು. ಹತ್ತಿರದ ಬಿಂದುಗಳ ಫ್ರೆಷೆ ಗಣಗಳಿಂದ ಮಿತಿಗಳನ್ನು ತೆಗೆದುಕೊಳ್ಳುವುದು, ಆದರೆ ಕ್ಲಾರ್ಕ್ ಮಾಡಿದಂತೆ ಪೀನ ಹೊದಿಕೆ ಹಾಕದಿರುವುದು. ಲಿಪ್ಶಿಟ್ಸ್ ಫಲನಗಳಿಗೆ ಈ ಗಣ ಖಾಲಿಯಿರುವುದಿಲ್ಲ, ಮೊತ್ತದ ನಿಯಮವನ್ನು ಉಳಿಸಿಕೊಳ್ಳುತ್ತದೆ, ಕ್ಲಾರ್ಕ್ ಗಣದೊಳಗೇ ಇರುತ್ತದೆ. 10ನೇ ಕಿಲೋಮೀಟರಿನಲ್ಲಿ ಅದರ ಉತ್ತರ −5 ಮತ್ತು 2: ಎರಡೇ ಸಂಖ್ಯೆಗಳು, ನಡುವೆ ಏನೂ ಇಲ್ಲ, ಆದ್ದರಿಂದ ಸೊನ್ನೆಯೂ ಇಲ್ಲ. ಕೆಟ್ಟ ಜಾಗ ಹೊರಗುಳಿಯಿತು, ಲೆಕ್ಕದ ನಿಯಮಗಳೂ ಕೈಬಿಡಲಿಲ್ಲ. ಹರಿತಕ್ಕೂ ಲೆಕ್ಕಕ್ಕೂ ನಡುವೆ ಈವರೆಗೆ ನಾನು ಕಂಡ ಅತ್ಯುತ್ತಮ ಒಪ್ಪಂದ ಇದೇ ಎಂದು ಮನಃಪೂರ್ವಕವಾಗಿ ಹೇಳುತ್ತೇನೆ. ಆದರೂ ಅಲುಗಾಡುವ ಸೈನ್ ಫಲನದ ಮುಂದೆ ಇದೂ ಕ್ಲಾರ್ಕಿನಂತೆಯೇ [−1/2, 3/2] ಎನ್ನುತ್ತದೆ. ಹತ್ತಿರದ ಬಿಂದುಗಳನ್ನು ನೋಡುವ ಯಾವ ವಸ್ತುವಿಗೂ ಅದರಿಂದ ಬಿಡುಗಡೆಯಿಲ್ಲ.

ಇದರ ಬೆಲೆಯೆಂದರೆ ಪೀನವಲ್ಲದ ಗಣ. ಬೇರ್ಪಡಿಸುವ ಸಮತಲದ ಪ್ರಮೇಯಗಳು ಅನ್ವಯವಾಗುವುದಿಲ್ಲ, ಅತಿ ಚಿಕ್ಕ ಸದಿಶ ಹುಡುಕುವ ಸಿದ್ಧ ಕ್ರಮವಿಲ್ಲ, ಚಲಕಗಳು ಹೆಚ್ಚಿದಂತೆ ತುಂಡುತುಂಡುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಕಲಿಯಲು ಕೂಡ ವ್ಯತ್ಯಾಸಾತ್ಮಕ ವಿಶ್ಲೇಷಣೆಯ (ವೇರಿಯೇಷನಲ್ ಅನಾಲಿಸಿಸ್) ಒಂದು ಇಡೀ ಕೋರ್ಸಿನಷ್ಟು ಶ್ರಮ ಬೇಕು. ಪ್ರಮೇಯಗಳನ್ನು ಸಾಧಿಸುವ ಸಂಶೋಧಕರಿಗೆ ಆ ಶ್ರಮ ಸಾರ್ಥಕ. ಸಂಖ್ಯೆ ಬೇಕಾದವರಿಗೆ ಬೇಡ.

ಆಯ್ಕೆಯನ್ನು ಜೋಡಿಸುವುದು

ಒಂದನ್ನು ಹಿಡಿದು ಉಳಿದವನ್ನು ಬಿಡಬೇಕೆಂಬ ಕಟ್ಟುಪಾಡಿಲ್ಲ. ಲೆಕ್ಕಕ್ಕೆ ಒಗ್ಗುವ ಗಣದಿಂದ ಅಭ್ಯರ್ಥಿಗಳ ಪಟ್ಟಿ ಮಾಡಿ, ಹರಿತವಾದ ಅವಕಲನದಿಂದ ಆ ಪಟ್ಟಿಯನ್ನು ಜರಡಿ ಹಿಡಿಯುವುದು ನಾನು ಅನುಸರಿಸುವ ಕ್ರಮ. ಬಾಡಿಗೆ ಬದಲಾದ ಗೋದಾಮಿನ ಲೆಕ್ಕದಲ್ಲಿ ಕ್ಲಾರ್ಕ್ ಕೊಡುವ ಪಟ್ಟಿ 6, 10, 12. ದೀನಿ 10ನ್ನು ತೆಗೆಯುತ್ತದೆ. ಸೀತಾಂಗೋಳಿಯಲ್ಲಿ ಎರಡೂ ದಿಕ್ಕಿಗೆ ಏರಿಕೆ 2. ನೀರ್ಚಾಲಿನಲ್ಲಿ ಎಡಕ್ಕೆ 5, ಬಲಕ್ಕೆ 3. ಎರಡೂ ನಿಜವಾದ ಸ್ಥಾನಿಕ ಕನಿಷ್ಠಗಳು. ಇವುಗಳಲ್ಲಿ ಯಾವುದು ಉತ್ತಮ ಎಂಬುದನ್ನು ಯಾವ ಅವಕಲನವೂ ಹೇಳಲಾರದು, ಬೆಲೆಗಳನ್ನೇ ಹೋಲಿಸಬೇಕು: ಸೀತಾಂಗೋಳಿಯಲ್ಲಿ 106, ನೀರ್ಚಾಲಿನಲ್ಲಿ 104. ಗೋದಾಮು ನೀರ್ಚಾಲಿಗೆ ಹೋಗುತ್ತದೆ. ಮೊದಲ ದರ್ಜೆಯ ನಿಬಂಧನೆಗಳಿಗೆ ಇನ್ನೊಂದು ಮಿತಿಯೂ ಇದೆ. |ಕ್ಷ| − ಯ² ಎಂಬ ಫಲನ ಮೂಲಬಿಂದುವಿನಲ್ಲಿ ದೀನಿ, ಫ್ರೆಷೆ ಎರಡನ್ನೂ ದಾಟುತ್ತದೆ, ಆದರೂ ಅಲ್ಲಿ ಕನಿಷ್ಠವಿಲ್ಲ. ಅಂಥ ಕಡೆ ಎರಡನೇ ದರ್ಜೆಯ ಪರೀಕ್ಷೆ ಬೇಕೇ ಬೇಕು.

ಸಾಫ್ಟ್‌ವೇರ್ ಕೆಲಸದಲ್ಲಿರುವವರು ಲೈಬ್ರರಿ ಕೊಟ್ಟ ಗ್ರೇಡಿಯೆಂಟನ್ನು ಕ್ಲಾರ್ಕ್ ಗ್ರೇಡಿಯೆಂಟ್ ಎಂದು ನಂಬಿಬಿಡಬಾರದು. ಕ್ಷ ಮತ್ತು ಸೊನ್ನೆಯಲ್ಲಿ ದೊಡ್ಡದನ್ನು ಆರಿಸುವ ರೆಲು ಫಲನಕ್ಕೆ ಸೊನ್ನೆಯಲ್ಲಿ ಅವಕಲನ ಸೊನ್ನೆ ಎಂದು ಹಿಡಿಯುವುದು ರೂಢಿ. ರೆಲು(ಕ್ಷ) − ರೆಲು(−ಕ್ಷ) ಎಂದರೆ ಕ್ಷ ಅಷ್ಟೇ, ಅದರ ಅವಕಲನ ಎಲ್ಲೆಡೆ 1. ಆದರೆ ಆ ರೂಢಿಯಂತೆ ತುಂಡುಗಳನ್ನು ಕೂಡಿಸಿದ ಯಂತ್ರ ಸೊನ್ನೆಯಲ್ಲಿ 0 ಎನ್ನುತ್ತದೆ, ಅಲ್ಲಿ ಇಲ್ಲದ ಸ್ಥಿರ ಬಿಂದುವೊಂದು, ಅಂದರೆ ಅವಕಲನ ಸೊನ್ನೆಯಾದ ಬಿಂದುವೊಂದು, ಹುಟ್ಟಿಕೊಳ್ಳುತ್ತದೆ. ಕ್ಲಾರ್ಕನ ಒಳಗೊಳ್ಳುವಿಕೆಯನ್ನು ಸಮತೆಯೆಂದು ಬಳಸಿದ್ದರ ಫಲ ಇದು.

ನಿರ್ಬಂಧ ಬಂದಾಗ

ಜಾಗ ಸಿಗುವುದು 13ನೇ ಕಿಲೋಮೀಟರಿನಿಂದಾಚೆ ಮಾತ್ರ ಎಂದಾದರೆ ಗೋದಾಮು 13ರಲ್ಲಿಯೇ ನಿಲ್ಲುತ್ತದೆ, ಸಾಗಾಟ 107. ಅಲ್ಲಿ ಫಲನ ನಯವಾಗಿದೆ, ಇಳಿಜಾರು 3, ಲಗ್ರಾಂಜ್ ಗುಣಕವೂ 3: ನಿರ್ಬಂಧವನ್ನು ಒಂದು ಕಿಲೋಮೀಟರು ಸಡಿಲಿಸಿದರೆ ಮೂರು ಲೋಡು-ಕಿಲೋಮೀಟರು ಉಳಿಯುತ್ತದೆ. ನಿರ್ಬಂಧ ಸರಿಯಾಗಿ 12ರಲ್ಲಿದ್ದರೆ ಮಾತ್ರ ಕತೆ ಬೇರೆ. ನೀರ್ಚಾಲಿನ ಗಣ [−5, 3]. ಅದರಿಂದ ಗುಣಕವನ್ನು ಕಳೆದಾಗ ಸೊನ್ನೆ ಬರಬೇಕು, ಗುಣಕ ಋಣವಾಗಿರಬಾರದು ಎಂದರೆ 0 ರಿಂದ 3ರವರೆಗಿನ ಯಾವ ಸಂಖ್ಯೆಯಾದರೂ ಸಲ್ಲುತ್ತದೆ. ಈ ಅಂತರಾಳದ ಎರಡು ತುದಿಗಳಿಗೆ ಎರಡು ಅರ್ಥಗಳಿವೆ: ನಿರ್ಬಂಧವನ್ನು ತುಸು ಸಡಿಲಿಸಿದರೆ ಉಳಿಯುವುದು ಏನೂ ಇಲ್ಲ, ಏಕೆಂದರೆ ನೀರ್ಚಾಲು ಹೇಗೂ ಕನಿಷ್ಠವೇ, ಬಿಗಿಗೊಳಿಸಿದರೆ ಕಿಲೋಮೀಟರಿಗೆ 3ರಂತೆ ನಷ್ಟ. ಮೂಲೆಯಲ್ಲಿ ಕುಳಿತ ಉತ್ತರಕ್ಕೆ ಗುಣಕ ಒಂದೇ ಎಂದು ಸಾಫ್ಟ್‌ವೇರ್ ತೋರಿಸಿದರೆ, ಅದು ಈ ಅಂತರಾಳದಿಂದ ಯಾವುದನ್ನು ಆರಿಸಿತೆಂದು ತಿಳಿದ ಮೇಲೆಯೇ ಆ ಸಂಖ್ಯೆಯನ್ನು ಜಾಗದ ಬೆಲೆ ಮಾತಾಡುವಾಗ ಬಳಸಿ.